ಚಿಂತಾಮಣಿಯ ಸೊನ್ನೆ

ಕೋಲಾರ ಜಿಲ್ಲೆಯ ಜನಸಂಖ್ಯೆಯನ್ನು ಎಕ್ಸೆಲ್‌ಗೆ ಹಾಕಿ ಗ್ರಾಫ್ ಎಳೆದರೆ ಒಂದು ವಿಚಿತ್ರ ಕಾಣುತ್ತದೆ. 2001ರಲ್ಲಿ ಸುಮಾರು 25 ಲಕ್ಷ, 2011ರಲ್ಲಿ 15 ಲಕ್ಷ ಚಿಲ್ಲರೆ. ಹತ್ತು ವರ್ಷದಲ್ಲಿ ಹತ್ತು ಲಕ್ಷ ಜನ ಎಲ್ಲಿಗೆ ಹೋದರು? ಬರ, ಬತ್ತಿದ ಬೋರ್‌ವೆಲ್, ಬಾಗಿಲು ಮುಚ್ಚಿದ ಚಿನ್ನದ ಗಣಿ, ಬೆಂಗಳೂರಿನ ಸೆಳೆತ ಎಂದು ಕಾರಣ ಹೆಣೆಯಲು ಹೊರಟರೆ ಎರಡು ಪುಟ ಸಲೀಸಾಗಿ ತುಂಬುತ್ತದೆ. ನಿಜ ಸಂಗತಿ ಏನೆಂದರೆ ಯಾರೂ ಎಲ್ಲಿಗೂ ಹೋಗಿಲ್ಲ. ಹನ್ನೊಂದು ತಾಲ್ಲೂಕುಗಳಿದ್ದ ಜಿಲ್ಲೆ 2007ರಲ್ಲಿ ಒಡೆಯಿತು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟ, ಚಿಂತಾಮಣಿ ಈ ಆರೂ ಹೊಸ ಜಿಲ್ಲೆಗೆ ಹೋದವು, ಐದು ಉಳಿದವು. 2011ರ ಚಿಕ್ಕಬಳ್ಳಾಪುರದ ಹನ್ನೆರಡೂವರೆ ಲಕ್ಷವನ್ನು ಪಕ್ಕದಲ್ಲಿಟ್ಟು ಕೂಡಿದರೆ ಸುಮಾರು 28 ಲಕ್ಷ, ಹತ್ತು ವರ್ಷದ ಬೆಳವಣಿಗೆಯೂ ಸೇರಿ ಲೆಕ್ಕ ಸರಿಹೋಗುತ್ತದೆ. 2011ರ ಜನಗಣತಿ ಪುಸ್ತಕದಲ್ಲಿ ಹೊಸ ಗಡಿಗೆ ಹೊಂದಿಸಿದ 2001ರ ಅಂಕಿಯೂ ಇರುತ್ತದೆ. ಹೋಲಿಸಬೇಕಾದ್ದು ಅದನ್ನು.

ವಿಶ್ವವಿದ್ಯಾಲಯದ ಹುಡುಗರು ಡಿಜಿಟಲ್ ಸಾಧನಗಳನ್ನು ಹೇಗೆ ಬಳಸುತ್ತಾರೆ ಎಂಬ ಮಾತು ಬಂದಾಗಲೆಲ್ಲ ಚರ್ಚೆ ಮೊಬೈಲು, ಡೇಟಾ ಪ್ಯಾಕು, ನೆಟ್‌ವರ್ಕಿನ ಸುತ್ತಲೇ ಗಿರಕಿ ಹೊಡೆಯುತ್ತದೆ. ಅವೂ ತೊಡಕುಗಳೇ, ಇಲ್ಲವೆನ್ನುವುದಿಲ್ಲ. ಆದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಬಗ್ಗೆ ಸಂಶೋಧನೆ ಮಾಡುವವರಿಗೆ ನಾಲ್ಕು ಕಡ್ಡಿ ಸಿಗ್ನಲ್ ಇದ್ದಾಗಲೂ ವಿಷಯ ಸಿಗುವುದಿಲ್ಲ. ಹೆಸರು, ಕಾಗುಣಿತ, ಅಳತೆ, ಕೊನೆಗೆ ಅಕ್ಷರ, ಇವೇ ಅಡ್ಡ ನಿಂತಿರುತ್ತವೆ. ಕಂಪ್ಯೂಟರಿಗೆ ಊರು ಗೊತ್ತಿಲ್ಲ. ಊರಿನ ಹೆಸರಿನ ಅಕ್ಷರ ಮಾತ್ರ ಗೊತ್ತು.

ಹಳೆಯ ಹೆಸರುಗಳಿಂದಲೇ ಶುರುಮಾಡಬಹುದು. ಬಂಗಾರಪೇಟೆಯ ಬಗ್ಗೆ ಬ್ರಿಟಿಷರ ಕಾಲದ ದಾಖಲೆ ಬೇಕಿದ್ದರೆ ‘ಬೌರಿಂಗ್‌ಪೇಟ್’ ಎಂದು ಹುಡುಕಬೇಕು. ಗೌರಿಬಿದನೂರು ಅಲ್ಲಿ ‘ಗೋರಿಬಿದ್ನೂರ್’, ಚಿಕ್ಕಬಳ್ಳಾಪುರ ನಡುವೆ ಅಡ್ಡಗೆರೆ ಹಾಕಿಕೊಂಡ ‘ಚಿಕ್-ಬಳ್ಳಾಪುರ್’. ಶಿಡ್ಲಘಟ್ಟವನ್ನು ಇಂಗ್ಲಿಷಿನಲ್ಲಿ ಕೆಲವರು ‘ಸಿ’ ಎಂದು ಆರಂಭಿಸಿದರೆ ಕೆಲವರು ‘ಶಿ’ ಎನ್ನುತ್ತಾರೆ. ತುಮಕೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಅಧಿಕೃತವಾಗಿ ಬದಲಾಯಿತು. ಅದಕ್ಕೆ ಹಿಂದಿನ ಲೇಖನಗಳೆಲ್ಲ ‘ಟುಮ್ಕುರ್’ ಎಂಬ ಹೆಸರಿನಲ್ಲೇ ಕೂತಿವೆ, ಆಮೇಲಿನವೂ ಅರ್ಧಕ್ಕರ್ಧ ಹಾಗೆಯೇ. ಹೊಸ ಕಾಗುಣಿತವೊಂದನ್ನೇ ಹಾಕಿ ಹುಡುಕಿ ‘ಈ ವಿಷಯದಲ್ಲಿ ಯಾರೂ ಕೆಲಸ ಮಾಡಿಲ್ಲ’ ಎಂದು ಸಾರಲೇಖದಲ್ಲಿ ಬರೆದರೆ ಮೌಖಿಕ ಪರೀಕ್ಷೆಯ ದಿನ ಮುಖಭಂಗ ಖಚಿತ.

ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯ ಕರ್ನಾಟಿಕದಲ್ಲಿ ತುಮಕೂರು ಜಿಲ್ಲೆಯದು 12ನೆಯ ಸಂಪುಟ (1904), ಕೋಲಾರದ್ದು 10ನೆಯದು (1905). ಎರಡರ ಸ್ಕ್ಯಾನ್ ಪ್ರತಿಯೂ ಇಂಟರ್ನೆಟ್ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಸಂಪುಟ ಎಂದು ಹುಡುಕಿದರೆ ಸಿಗದು, ಅದರ ಶಾಸನಗಳೆಲ್ಲ ಕೋಲಾರದ ಹೊಟ್ಟೆಯೊಳಗಿವೆ. ಶಾಸನದ ಸಂಖ್ಯೆ ಪ್ರತಿ ತಾಲ್ಲೂಕಿಗೂ ಒಂದರಿಂದ ಶುರುವಾಗುವುದರಿಂದ ಟಿಪ್ಪಣಿಯಲ್ಲಿ ಸಂಪುಟ, ತಾಲ್ಲೂಕು, ಸಂಖ್ಯೆ ಮೂರೂ ಬೇಕು. ಪಿಡಿಎಫ್‌ನ ಪುಟಸಂಖ್ಯೆಯನ್ನು ನಂಬಬೇಡಿ, ರಕ್ಷಾಪುಟ, ಖಾಲಿ ಹಾಳೆಗಳೂ ಅದರ ಎಣಿಕೆಗೆ ಸೇರಿರುತ್ತವೆ. ಊರಿನ ಹೆಸರು ಹಾಕಿ ಒಳಗೆ ಹುಡುಕುವುದೂ ಅಷ್ಟಕ್ಕಷ್ಟೆ. ಇಂಗ್ಲಿಷ್ ಲಿಪಿಯಲ್ಲಿ ಕನ್ನಡದ ಉಚ್ಚಾರ ತೋರಿಸಲು ಅಕ್ಷರಗಳ ಮೇಲೆ ಕೆಳಗೆ ಹಾಕಿದ ಗೆರೆ ಚುಕ್ಕಿಗಳು ಯಂತ್ರದ ಓದಿನಲ್ಲಿ ಕಲಸಿಹೋಗುತ್ತವೆ. ತಾಲ್ಲೂಕಿನ ಭಾಗಕ್ಕೆ ಹೋಗಿ ಒಂದೊಂದೇ ಹಾಳೆ ತಿರುವುವುದೇ ಬೇಗ.

ಹಾಗಾಗಿ ಹುಡುಕಾಟಕ್ಕೆ ಕೂರುವ ಮೊದಲು ಒಂದು ಹಾಳೆಯಲ್ಲಿ ಹೆಸರುಗಳ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಊರಿಗೆ ಕನಿಷ್ಠ ಮೂರು ಕಾಗುಣಿತ, ಜಿಲ್ಲೆಗೆ ಹಳೆಯದು ಹೊಸದು ಎರಡೂ, ವಿಷಯಕ್ಕೆ ಕನ್ನಡದ ಪದ ಮತ್ತು ಆ ಶಾಸ್ತ್ರದವರು ಇಂಗ್ಲಿಷಿನಲ್ಲಿ ನಿಜಕ್ಕೂ ಬಳಸುವ ಪದ. ಈ ಕೊನೆಯದರಲ್ಲಿ ಎಡವುವವರೇ ಹೆಚ್ಚು. ಕೆರೆಗೆ ಶಾಲೆಯಲ್ಲಿ ಕಲಿತ ಇಂಗ್ಲಿಷ್ ಪದ ‘ಲೇಕ್’. ನೀರಾವರಿ ಸಾಹಿತ್ಯದಲ್ಲಿ ಕೆರೆ ಎಂದರೆ ‘ಟ್ಯಾಂಕ್’. ಲೇಕ್ ಎಂದು ಹುಡುಕಿದವರಿಗೆ ಬೆಂಗಳೂರಿನ ನೊರೆ ತುಂಬಿದ ಕೆರೆಗಳು ಸಿಗುತ್ತವೆ, ಕೋಲಾರದ ಕೆರೆ, ತೂಬು, ನೀರುಗಂಟಿ ಸಿಗುವುದಿಲ್ಲ. ಇದೇ ಎಡವಟ್ಟು ಅನುವಾದ ಯಂತ್ರಗಳಲ್ಲಿ ಉಲ್ಟಾ ಆಗುತ್ತದೆ, ‘ಟ್ಯಾಂಕ್’ ಕಂಡಲ್ಲೆಲ್ಲ ತೊಟ್ಟಿ ಎಂದು ಬರೆದು, ಇಡೀ ಜಿಲ್ಲೆ ತೊಟ್ಟಿ ನೀರಲ್ಲಿ ರಾಗಿ ಬೆಳೆದಂತೆ ಕಾಣಿಸಿಬಿಡುತ್ತವೆ. ಬೆಂಗಳೂರಿನ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿರುವುದರ ಬಗ್ಗೆ ಓದಬೇಕಿದ್ದರೆ ‘ಕೆಸಿ ವ್ಯಾಲಿ’ ಜತೆಗೆ ‘ಕೋರಮಂಗಲ-ಚಲ್ಲಘಟ್ಟ’ವನ್ನೂ ಹಾಕಿ. ಚಿಕ್ಕಬಳ್ಳಾಪುರದ ಕಡೆಯ ಯೋಜನೆಗಾದರೆ ‘ಎಚ್‌ಎನ್ ವ್ಯಾಲಿ’, ‘ಹೆಬ್ಬಾಳ-ನಾಗವಾರ’.

ಸಂಶೋಧನಾ ಲೇಖನ ಹುಡುಕುವ ಗೂಗಲ್ ಸ್ಕಾಲರ್‌ನಲ್ಲಿ ಬರೀ ‘ಕೋಲಾರ್’ ಎಂದು ಇಂಗ್ಲಿಷಿನಲ್ಲಿ ಕೊಟ್ಟು ನೋಡಿ. ಗಣಿ ಪ್ರದೇಶದ ಶಿಲೆಗಳ ಭೂವಿಜ್ಞಾನ, 1965ರಲ್ಲಿ ಗಣಿಯ ಆಳದಲ್ಲಿ ಪತ್ತೆಯಾದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಎದುರಾಗುತ್ತವೆ. ಹೆಮ್ಮೆಯ ವಿಷಯವೇ, ಆದರೆ ಹಾಲು ಉತ್ಪಾದಕರ ಸಂಘದ ಮೇಲೆ ಪ್ರಬಂಧ ಬರೆಯುವವರಿಗೆ ಅದರಿಂದ ಉಪಯೋಗವಿಲ್ಲ. ಬೇಡದ ಪದದ ಮುಂದೆ ಜಾಗ ಬಿಡದೆ ಮೈನಸ್ ಗುರುತು ಹಾಕಿದರೆ ಅಂಥವು ಬಿಟ್ಟುಹೋಗುತ್ತವೆ. ಜತೆಯಾಗಿಯೇ ಬರಬೇಕಾದ ಪದಗಳಿಗೆ ಉದ್ಧರಣ ಚಿಹ್ನೆ. ಒಂದು ಒಳ್ಳೆಯ ಲೇಖನ ಸಿಕ್ಕಿತೆಂದರೆ ಹುಡುಕುವ ಪೆಟ್ಟಿಗೆಗೆ ವಾಪಸ್ ಹೋಗದೆ ಅದರ ಕೆಳಗಿರುವ ‘ಸೈಟೆಡ್ ಬೈ’ ಒತ್ತಿ. ಅದನ್ನು ಆಧರಿಸಿ ಮುಂದೆ ಬರೆದವರೆಲ್ಲ ಅಲ್ಲಿ ಸಾಲಾಗಿ ನಿಂತಿರುತ್ತಾರೆ. ಐವತ್ತು ಸಲ ಪದ ಬದಲಿಸುವುದಕ್ಕಿಂತ ಈ ಒಂದು ಒತ್ತು ಹೆಚ್ಚು ಕೊಡುತ್ತದೆ.

ಪಿಎಚ್‌ಡಿ ಪ್ರಬಂಧಗಳಿಗೆ ಅವನ್ನು ಸಂಗ್ರಹಿಸಿಡುವ ಜಾಲತಾಣ ಶೋಧಗಂಗಾ. ಅಲ್ಲಿಯೂ ಹೆಸರಿನ ಆಟವೇ. ತುಮಕೂರು ವಿಶ್ವವಿದ್ಯಾಲಯ ಹುಟ್ಟಿದ್ದು 2004ರಲ್ಲಿ, ಕೋಲಾರದ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಅದಕ್ಕಿಂತಲೂ ಎಳೆಯದು. ಅದಕ್ಕೆ ಹಿಂದಿನ ಕೆಲಸಕ್ಕೆ ಬೆಂಗಳೂರು ವಿಶ್ವವಿದ್ಯಾಲಯದ ಪಟ್ಟಿ ನೋಡಬೇಕು. ಮೈಸೂರು, ಹಂಪಿಯನ್ನೂ ಬಿಡಬಾರದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲಿನಂಥ ಗಡಿ ತಾಲ್ಲೂಕುಗಳ ವಿಷಯವಾದರೆ ಅನಂತಪುರ, ತಿರುಪತಿಯ ವಿಶ್ವವಿದ್ಯಾಲಯಗಳಲ್ಲೂ ಕೈಯಾಡಿಸಿ. ರೇಷ್ಮೆ, ಟೊಮೆಟೊ, ಮಾವು, ತೆಂಗಿನ ಮೇಲಿನ ಕೃಷಿ ವಿಶ್ವವಿದ್ಯಾಲಯದ ಪ್ರಬಂಧಗಳಿಗೆ ಕೃಷಿಕೋಶ ಎಂಬ ಬೇರೆಯೇ ಜಾಲತಾಣವಿದೆ. ಶೋಧಗಂಗಾದಲ್ಲಿ ಸಿಗಲಿಲ್ಲ ಎಂದು ಕೈಬಿಟ್ಟವರು ಇದನ್ನು ತೆರೆದೇ ಇರುವುದಿಲ್ಲ.

ಶೋಧಗಂಗಾದಲ್ಲಿ ಪ್ರಬಂಧ ಅಧ್ಯಾಯವಾರು ತುಂಡುತುಂಡಾಗಿರುತ್ತದೆ. ಐದು ಪ್ರಬಂಧದ ಮೂರನೆಯ ಅಧ್ಯಾಯ ಇಳಿಸಿಕೊಂಡರೆ ಫೋನಿನ ಡೌನ್‌ಲೋಡ್ ಫೋಲ್ಡರಿನಲ್ಲಿ ‘ಚಾಪ್ಟರ್ 3’, ‘ಚಾಪ್ಟರ್ 3 (1)’, ‘ಚಾಪ್ಟರ್ 3 (2)’ ಎಂಬ ಅವಳಿ ಜವಳಿಗಳು. ಒಂದು ತಿಂಗಳು ಬಿಟ್ಟು ಉಲ್ಲೇಖ ಬರೆಯಲು ಕೂತಾಗ ಯಾವುದು ಯಾರದು ಎಂದು ದೇವರಿಗೂ ತಿಳಿಯದು. ಇಳಿಸಿದ ಕ್ಷಣದಲ್ಲೇ ಹೆಸರು ಬದಲಿಸಿ: ವರ್ಷ, ಬರೆದವರು, ವಿಷಯದ ಒಂದು ಪದ, ಅಧ್ಯಾಯ. ಶೀರ್ಷಿಕೆ ಪುಟದ ಪಿಡಿಎಫ್ ಅನ್ನೂ ಮರೆಯದೆ ಇಳಿಸಿಕೊಳ್ಳಿ, ಉಲ್ಲೇಖಕ್ಕೆ ಬೇಕಾದದ್ದು ಬಹುತೇಕ ಅದರಲ್ಲಿರುತ್ತದೆ. ಉಲ್ಲೇಖಪಟ್ಟಿ ಮಾಡಿಕೊಡುವ ಜೊಟೇರೊ ತಂತ್ರಾಂಶ ಬಳಸುವವರಿಗೆ ಇನ್ನೊಂದು ತೊಡಕು. ಅದು ಎಲ್ಲರಿಗೂ ಕುಲನಾಮ ಇದೆಯೆಂದೇ ಭಾವಿಸುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ ಎಂದರೆ ಕೊನೆಯ ಪದವನ್ನು ಮುಂದೆ ತಂದು ಅಯ್ಯಂಗಾರ್ ಎಂದೇ ಪಟ್ಟಿ ಮಾಡುತ್ತದೆ. ಮಾಲೂರು ತಾಲ್ಲೂಕಿನ ಮಾಸ್ತಿ ಎಂಬ ಊರಿನ ಹೆಸರಿಂದಲೇ ಅವರನ್ನು ಹುಡುಕುವ ಕನ್ನಡ ಓದುಗರಿಗೆ ಅವರು ಸಿಗುವುದಿಲ್ಲ. ಲೇಖಕರ ಹೆಸರಿನ ಪಕ್ಕದ ಪುಟ್ಟ ಗುಂಡಿ ಒತ್ತಿ ಎರಡು ಖಾನೆಯನ್ನು ಒಂದಾಗಿಸಿದರೆ ಬರೆದಂತೆಯೇ ನಿಲ್ಲುತ್ತದೆ.

ದುಡ್ಡು ಕೊಟ್ಟು ಓದಬೇಕಾದ ನಿಯತಕಾಲಿಕಗಳ ಕಷ್ಟ ಸರ್ಕಾರಿ ಸಂಸ್ಥೆಗಳವರಿಗೆ ಈಗ ಮೊದಲಿನಷ್ಟಿಲ್ಲ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ 2025ರ ಜನವರಿಯಿಂದ ಜಾರಿಯಲ್ಲಿದ್ದು, 30 ಪ್ರಕಾಶಕರ ಸುಮಾರು 13 ಸಾವಿರ ನಿಯತಕಾಲಿಕಗಳು ಅದರಡಿ ಬರುತ್ತವೆ. ಲಾಗಿನ್ ವಿವರವನ್ನು ಗ್ರಂಥಪಾಲಕರಲ್ಲಿ ಕೇಳಬೇಕು. ಇಷ್ಟಾಗಿಯೂ ‘ಹಣ ಕೊಡಿ’ ಎಂದು ಪರದೆ ಬಂದ ತಕ್ಷಣ ಪುಟ ಮುಚ್ಚುವ ಅಭ್ಯಾಸ ಹೋಗಿಲ್ಲ.

ಎಐ ಚಾಟ್ ವಿಷಯ ಎತ್ತದೆ ಇರುವಂತಿಲ್ಲ. ಇಂಗ್ಲಿಷ್ ಸಾರಾಂಶವೊಂದನ್ನು ಕನ್ನಡದಲ್ಲಿ ಬಿಡಿಸಿ ಹೇಳಲು, ಎಕ್ಸೆಲ್ ಸೂತ್ರ ಬರೆಸಲು, ಅಂಕಿಅಂಶದ ಪರೀಕ್ಷೆಯೊಂದನ್ನು ಅರ್ಥಮಾಡಿಕೊಳ್ಳಲು ಅದು ಒಳ್ಳೆಯ ಜತೆಗಾರ. ಉಲ್ಲೇಖ ಕೇಳಿದಾಗ ಮಾತ್ರ ಎಚ್ಚರ ಬೇಕು. ‘ಕೋಲಾರದ ಕೆರೆಗಳ ಬಗ್ಗೆ ಹತ್ತು ಲೇಖನ ಕೊಡು’ ಎಂದರೆ ಲೇಖಕ, ವರ್ಷ, ಸಂಪುಟ, ಪುಟಸಂಖ್ಯೆ ಸಮೇತ ಹತ್ತು ಕೊಡಬಹುದು, ಅದರಲ್ಲಿ ಕೆಲವು ಹುಟ್ಟೇ ಇರದ ಲೇಖನಗಳಾಗಿರಬಹುದು. ಮುಂದಿನ ಪದ ಯಾವುದಿರಬಹುದು ಎಂಬ ಅಂದಾಜಿನ ಮೇಲೆ ಕಟ್ಟಿದ ಯಂತ್ರ ಅದು, ಇರಬಹುದಾದ ಹೆಸರನ್ನೂ ಇರುವ ಹೆಸರನ್ನೂ ಒಂದೇ ಧೈರ್ಯದಿಂದ ಹೇಳುತ್ತದೆ. ನಮ್ಮ ಜಿಲ್ಲೆಗಳ ಬಗ್ಗೆ ಅದು ಓದಿರುವುದೇ ಕಡಿಮೆಯಾದ್ದರಿಂದ ಅಂದಾಜಿನ ಪಾಲು ಇನ್ನೂ ಹೆಚ್ಚು. ಪರೀಕ್ಷೆ ಸುಲಭ: ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಸ್ಕಾಲರ್‌ನಲ್ಲಿ ಹುಡುಕಿ, ಡಿಒಐ ಎಂಬ ಲೇಖನದ ಶಾಶ್ವತ ಗುರುತಿನ ಸಂಖ್ಯೆ ಇದ್ದರೆ ಅದನ್ನು ತೆರೆದು ಅದೇ ಲೇಖನವೇ ಬರುತ್ತದೆಯೇ ನೋಡಿ, ಅದೂ ಇಲ್ಲವಾದರೆ ಆ ಪತ್ರಿಕೆಯ ಜಾಲತಾಣದಲ್ಲಿ ಆ ಸಂಚಿಕೆಯ ಪರಿವಿಡಿ ತೆರೆಯಿರಿ. ಮೂರರಲ್ಲೂ ಕಾಣದಿದ್ದರೆ ಬಿಟ್ಟುಬಿಡಿ. ಕ್ಷೇತ್ರಕಾರ್ಯದ ಸಂದರ್ಶನಗಳನ್ನು ಎಐ ಚಾಟಿಗೆ ಹಾಕುವ ಮುನ್ನ ಜನರ ಹೆಸರು, ಫೋನ್ ನಂಬರ್, ಸರ್ವೆ ನಂಬರ್ ಅಳಿಸಬೇಕೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಅಳತೆ. ರೈತರ ಜಮೀನಿನ ವಿಸ್ತೀರ್ಣ ಬರೆದುಕೊಳ್ಳುವಾಗ ಆಗುವ ತಪ್ಪು ಎಷ್ಟು ಪ್ರಬಂಧಗಳಲ್ಲಿ ಸದ್ದಿಲ್ಲದೆ ಕೂತಿದೆಯೋ. ಎರಡು ಎಕರೆ ಇಪ್ಪತ್ತು ಗುಂಟೆಯನ್ನು ‘2.20’ ಎಂದು ಎಕ್ಸೆಲ್‌ಗೆ ಹೊಡೆದರೆ ಅದಕ್ಕೆ ಅದು ಎರಡು ಪಾಯಿಂಟ್ ಎರಡು. ಎಕರೆಗೆ 40 ಗುಂಟೆಯಾದ್ದರಿಂದ ನಿಜವಾದ ಲೆಕ್ಕ ಎರಡೂವರೆ. ಒಬ್ಬ ರೈತನ ಲೆಕ್ಕದಲ್ಲೇ ಹನ್ನೆರಡು ಗುಂಟೆ ಮಾಯ. ಪಾಯಿಂಟ್ ಬೇಡವೆಂದು ಅಡ್ಡಗೆರೆ ಹಾಕಿ ‘2-10’ ಎಂದು ಬರೆದರೆ ಇನ್ನೂ ಚೆಂದ, ಭಾರತದ ದಿನಾಂಕ ಕ್ರಮದಲ್ಲಿರುವ ಕಂಪ್ಯೂಟರಿನಲ್ಲಿ ಅದು ಗಾಂಧಿ ಜಯಂತಿ, ಅಮೆರಿಕದ ಕ್ರಮದಲ್ಲಿದ್ದರೆ ಫೆಬ್ರವರಿ 10. ಎಕರೆಗೊಂದು, ಗುಂಟೆಗೊಂದು ಖಾನೆ ಮಾಡಿ, ಮೂರನೆಯದರಲ್ಲಿ ಗುಂಟೆಯನ್ನು 40ರಿಂದ ಭಾಗಿಸಿ ಎಕರೆಗೆ ಕೂಡಿಸುವ ಸೂತ್ರ ಹಾಕಿದರೆ ಮುಗಿಯಿತು.

ಟೊಮೆಟೊ ಬೆಲೆಯೂ ಹೀಗೆಯೇ. ಕೋಲಾರದ ಮಾರುಕಟ್ಟೆಯಲ್ಲಿ ಹರಾಜು 15 ಕೆಜಿ ಬಾಕ್ಸಿನ ಲೆಕ್ಕ, ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. ಅಗ್‌ಮಾರ್ಕ್‌ನೆಟ್ ಎಂಬ ಕೃಷಿ ಮಾರುಕಟ್ಟೆ ದರದ ಸರ್ಕಾರಿ ಜಾಲತಾಣದ ಅಂಕಿಗಳು ಕ್ವಿಂಟಲ್‌ಗೆ. ಬಾಕ್ಸಿಗೆ 300 ರೂಪಾಯಿ ಎಂದರೆ ಕ್ವಿಂಟಲ್‌ಗೆ 2,000. ಎರಡನ್ನೂ ಒಂದೇ ಖಾನೆಗೆ ತುಂಬಿದರೆ ಬೆಲೆ ಒಂದೇ ದಿನ ಆರೇಳು ಪಟ್ಟು ಏರಿಳಿದಂತೆ ಕಾಣುತ್ತದೆ. ಟೊಮೆಟೊ ವಿಷಯದಲ್ಲಿ ಯಾರೂ ಅನುಮಾನಿಸುವುದೂ ಇಲ್ಲ, ಅಷ್ಟು ಏರಿಳಿತವನ್ನು ನಾವು ನೋಡಿಯೇ ಇದ್ದೇವೆ! ಆ ಜಾಲತಾಣದಲ್ಲಿ ‘ಮೋಡಲ್’ ಎಂದಿರುವ ಬೆಲೆ ಸರಾಸರಿಯಲ್ಲ, ಹೆಚ್ಚು ಮಾಲು ಹೋದ ದರ. ವರದಿಯಾಗದ ದಿನಗಳು ಸುಮ್ಮನೆ ಬಿಟ್ಟುಹೋಗಿರುತ್ತವೆ; ಅಲ್ಲಿ ಸೊನ್ನೆ ತುಂಬಿದರೆ ಸರಾಸರಿ ಕುಸಿಯುತ್ತದೆ, ಖಾಲಿ ಬಿಡಬೇಕು.

ಪ್ರಶ್ನಾವಳಿಯ ಭಾಷೆ ಈ ಭಾಗದ್ದೇ ವಿಶೇಷ. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರ, ಪಾವಗಡದ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಓದು ಬರಹ ಕನ್ನಡ. ಗೂಗಲ್ ಫಾರ್ಮಿನಲ್ಲಿ ಕನ್ನಡ ಪ್ರಶ್ನೆ ಇಟ್ಟು, ಬಾಯಲ್ಲಿ ತೆಲುಗಿಗೆ ತಿರುಗಿಸಿ ಕೇಳುವಾಗ ಒಬ್ಬೊಬ್ಬರು ಒಂದೊಂದು ರೀತಿ ಕೇಳುತ್ತಾರೆ. ತೆಲುಗು ಪ್ರಶ್ನೆಯನ್ನು ಕನ್ನಡ ಲಿಪಿಯಲ್ಲೇ ಬರೆದು ಫಾರ್ಮಿಗೆ ಹಾಕಿಕೊಂಡರೆ ಎಲ್ಲರ ಬಾಯಲ್ಲೂ ಒಂದೇ ವಾಕ್ಯ ಬರುತ್ತದೆ. ನೆಟ್ ಇಲ್ಲದ ಹಳ್ಳಿಗೆ ಕೋಬೊ ಕಲೆಕ್ಟ್ ಆ್ಯಪ್ ವಾಸಿ. ಉತ್ತರಗಳು ಫೋನಿನಲ್ಲೇ ಉಳಿದು, ಸಿಗ್ನಲ್ ಸಿಕ್ಕಾಗ ಹೋಗುತ್ತವೆ. ಕಳಿಸುವ ತನಕ ಆ್ಯಪ್ ಅಳಿಸುವಂತಿಲ್ಲ ಅಷ್ಟೆ. ವಾಟ್ಸಾಪ್ ಗುಂಪಿಗೆ ಫಾರ್ಮ್ ಕೊಂಡಿ ಎಸೆದು ನೂರು ಉತ್ತರ ಗಿಟ್ಟಿಸಿ ‘ಗ್ರಾಮೀಣ ಯುವಜನರ ಅಭಿಪ್ರಾಯ’ ಎನ್ನುವುದು ನನಗಂತೂ ಸಂಶೋಧನೆ ಅನ್ನಿಸುವುದಿಲ್ಲ. ಅದು ಆ ಗುಂಪಿನ ಅಭಿಪ್ರಾಯ.

ಇಷ್ಟೆಲ್ಲ ದಾಟಿ ಬರೆದದ್ದು ಕೊನೆಗೆ ಹೋಗಿ ಸೇರುವುದು ಡಿಟಿಪಿ ಅಂಗಡಿಗೆ. ಅಲ್ಲಿನವರು ಕೈಬರಹ ನೋಡಿ ಸರಸರನೆ ಹೊಡೆಯುತ್ತಾರೆ, ತಪ್ಪೂ ಕಡಿಮೆ. ಕೇಳಬೇಕಾದ ಪ್ರಶ್ನೆ ಒಂದೇ: ಯೂನಿಕೋಡೋ, ಹಳೆಯ ಫಾಂಟೋ? ಯೂನಿಕೋಡ್ ಎಂದರೆ ಪ್ರತಿ ಕನ್ನಡ ಅಕ್ಷರಕ್ಕೂ ಎಲ್ಲ ಯಂತ್ರಗಳಲ್ಲೂ ಒಂದೇ ಸಂಕೇತ. ನುಡಿ, ಬರಹದ ಹಳೆಯ ಆಸ್ಕಿ ಫಾಂಟುಗಳಲ್ಲಿ ಕಂಪ್ಯೂಟರಿನೊಳಗೆ ಕನ್ನಡವೇ ಇರುವುದಿಲ್ಲ. ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತಗಳಿಗೆ ಕನ್ನಡದ ಚಿತ್ರ ಅಂಟಿಸಿರುತ್ತಾರೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತದೆ. ಪತ್ತೆಹಚ್ಚಲು ವರ್ಡ್ ಕಡತದಿಂದ ಒಂದು ಸಾಲು ನಕಲು ಮಾಡಿ ವಾಟ್ಸಾಪಿಗೆ ಅಂಟಿಸಿ. ಕನ್ನಡವಾಗಿಯೇ ಬಂದರೆ ಯೂನಿಕೋಡ್.

ಆಸ್ಕಿಯಲ್ಲಿದ್ದರೆ ಏನು ಕಷ್ಟ? ಮುದ್ರಿಸಿದ ಪ್ರತಿಗೆ ಏನೂ ಇಲ್ಲ. ಆದರೆ ಆ ಪ್ರಬಂಧ ಶೋಧಗಂಗಾಕ್ಕೆ ಹೋದ ಮೇಲೆ ಅದರೊಳಗಿನ ಒಂದು ಪದವೂ ಯಾರ ಹುಡುಕಾಟಕ್ಕೂ ಸಿಗುವುದಿಲ್ಲ. ಕೃತಿಚೌರ್ಯ ಪರೀಕ್ಷೆಯ ತಂತ್ರಾಂಶಕ್ಕೂ ಅದು ಕನ್ನಡವಾಗಿ ಕಾಣದು, ಆಗ ಶೂನ್ಯ ಹೋಲಿಕೆ ಬಂದರೆ ಅದು ಸ್ವಂತಿಕೆಗೆ ಸಾಕ್ಷಿಯಲ್ಲ. ಯುಜಿಸಿಯ 2018ರ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 40ರವರೆಗೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗೆ ಒಂದು ವರ್ಷ ಸಲ್ಲಿಸುವಂತಿಲ್ಲ. ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಸತತ 14 ಪದಗಳವರೆಗಿನ ಸಾಮಾನ್ಯ ಮಾತನ್ನು ಲೆಕ್ಕದಿಂದ ಬಿಡಬಹುದೆಂದೂ ಅದರಲ್ಲಿದೆ. ಇಂಗ್ಲಿಷಿನಲ್ಲಿ ಹದಿನಾಲ್ಕು ಪದ ಅರ್ಧ ವಾಕ್ಯ. ವಿಭಕ್ತಿಯನ್ನೆಲ್ಲ ಪದದೊಳಗೇ ಕಟ್ಟಿಕೊಳ್ಳುವ ಕನ್ನಡದಲ್ಲಿ ಅದು ಒಂದೆರಡು ತುಂಬು ವಾಕ್ಯ. ನಿಯಮ ಬರೆದವರ ಕಣ್ಣಮುಂದೆ ಯಾವ ಭಾಷೆ ಇತ್ತೆಂದು ಊಹಿಸಬಹುದು.

ಆಸ್ಕಿಯನ್ನು ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ಇಡೀ ಕಡತವನ್ನು ಒಮ್ಮೆಲೇ ಹಾಕಿದರೆ ನಡುವೆ ಇರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗುತ್ತವೆ, ಗ್ರಂಥಸೂಚಿ ಪೂರ್ತಿ ಹಾಳು. ಮೊದಲು ಒಂದು ನಕಲು ಬೇರೆಡೆ ಇಡಿ. ವರ್ಡ್‌ನ ಹುಡುಕುವ ಸೌಲಭ್ಯದಲ್ಲಿ ಫಾಂಟಿನ ಹೆಸರು ಕೊಟ್ಟು ಇಂಗ್ಲಿಷ್ ಭಾಗಗಳಿಗೆಲ್ಲ ಬಣ್ಣ ಹಚ್ಚಿ. ಆಮೇಲೆ ಬಣ್ಣವಿಲ್ಲದ್ದನ್ನು ಪ್ಯಾರಾ ಪ್ಯಾರಾ ತಿರುಗಿಸಿ, ಅರ್ಕಾವೊತ್ತು, ಒತ್ತಕ್ಷರ ಇರುವ ಕಡೆ ಕಣ್ಣಾಡಿಸಿ. ನೂರೈವತ್ತು ಪುಟಕ್ಕೆ ನಾಲ್ಕೈದು ದಿನವಾದರೂ ಬೇಕು. ಮೊದಲೇ ಯೂನಿಕೋಡಿನಲ್ಲಿ ಹೊಡೆಸಿದ್ದರೆ ಈ ದಿನಗಳೆಲ್ಲ ಉಳಿಯುತ್ತಿದ್ದವು. ವರ್ಡ್ ಕಡತವನ್ನೂ ಅಂಗಡಿಯಿಂದ ಕೇಳಿ ತರಬೇಕು, ಏಕೆಂದರೆ ಪಿಡಿಎಫ್ ಅಕ್ಷರದ ಆಕಾರಗಳನ್ನು ಇಟ್ಟುಕೊಂಡಿರುವುದರಿಂದ ಅದರಿಂದ ನಕಲು ಮಾಡಿದ ಕನ್ನಡ ಎಷ್ಟೋ ಸಲ ಅದಲುಬದಲಾಗಿ ಬರುತ್ತದೆ.

ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಅಕ್ಷರವಾಗಿಸುವವರು 300 ಡಿಪಿಐ ಇಟ್ಟುಕೊಳ್ಳಿ, ಹತ್ತು ಹತ್ತು ಪುಟದ ತುಂಡು ಮಾಡಿ ಗೂಗಲ್ ಡ್ರೈವಿಗೆ ಹಾಕಿ, ಡಾಕ್ಸ್‌ನಲ್ಲಿ ತೆರೆಯಿರಿ. ಪುಟದ ಮಡಿಕೆಯ ಬಳಿ ಸಾಲು ಬಾಗಿದ್ದರೆ ಅಲ್ಲಿಯ ಒತ್ತಕ್ಷರಗಳು ಬೀಳುತ್ತವೆ. ಯಂತ್ರ ಪ ವ ಗೊಂದಲ ಮಾಡಿಕೊಳ್ಳುತ್ತದೆ, ಘ ಫ ಕೂಡ. ‘ಕೋಲಾರ’ದ ದೀರ್ಘ ಬಿಟ್ಟು ‘ಕೊಲಾರ’ ಮಾಡುತ್ತದೆ. ಇವೆಲ್ಲ ಓದುವಾಗ ಕಣ್ಣಿಗೆ ಬೀಳುವ ತಪ್ಪುಗಳು.

ಕಣ್ಣಿಗೆ ಬೀಳದ ತಪ್ಪು ಬೇರೆಯೇ. ‘ಚಿಂತಾಮಣಿ’, ‘ಚಿ೦ತಾಮಣಿ’ ಈ ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡ ಅಂಕಿಯ ಸೊನ್ನೆ. ಕಾಗದದ ಮೇಲೆ ವ್ಯತ್ಯಾಸವೇ ಇಲ್ಲವೆನ್ನಬಹುದು, ಯೂನಿಕೋಡಿಗೆ ಇವು ಬೇರೆ ಬೇರೆ ಸಂಕೇತ. ಸ್ಕ್ಯಾನ್ ಯಂತ್ರವೂ ಹೀಗೆ ಮಾಡುತ್ತದೆ, ಅವಸರದಲ್ಲಿ ಟೈಪ್ ಮಾಡುವವರೂ ಮಾಡುತ್ತಾರೆ. ಸಮೀಕ್ಷೆಯ ಎಕ್ಸೆಲ್ ಹಾಳೆಯಲ್ಲಿ ತಾಲ್ಲೂಕುವಾರು ಮೊತ್ತ ತೆಗೆದಾಗ ಚಿಂತಾಮಣಿ ಎರಡು ಸಲ ಬಂದು, ಚಿಕ್ಕಬಳ್ಳಾಪುರದ ತಾಲ್ಲೂಕುಗಳ ಎಣಿಕೆ ಒಂದು ಹೆಚ್ಚಾಗಿದ್ದರೆ ಕಾರಣ ಇದೇ. ಬಂಗಾರಪೇಟೆಗೂ ಗುಡಿಬಂಡೆಗೂ ಇದೇ ಅಪಾಯ. ಸರಿಪಡಿಸಲು ‘ಎಲ್ಲ ಬದಲಿಸು’ ಒತ್ತುವ ಆಸೆಯಾಗುತ್ತದೆ. ಒತ್ತಬೇಡಿ, ೨೦೧೧ ಎಂಬ ಇಸವಿಯೊಳಗಿನ ಸೊನ್ನೆಯೂ ಅನುಸ್ವಾರವಾಗಿಬಿಡುತ್ತದೆ, ಕಾಣುವುದಿಲ್ಲವಾದ್ದರಿಂದ ಗೊತ್ತೂ ಆಗುವುದಿಲ್ಲ. ಮೊದಲು ಕನ್ನಡ ಅಂಕಿಯ ಇಸವಿ, ಪುಟಸಂಖ್ಯೆಗಳನ್ನೆಲ್ಲ 2011 ಎಂಬಂತೆ ಸಾಮಾನ್ಯ ಅಂಕಿಗೆ ತಿರುಗಿಸಿಕೊಳ್ಳಿ. ಅದಾದ ಮೇಲೆ ಉಳಿದ ಕನ್ನಡ ಸೊನ್ನೆಗಳೆಲ್ಲ ಅಕ್ಷರದ ಜಾಗದಲ್ಲಿ ಕೂತ ಸೊನ್ನೆಗಳೇ, ಆಗ ಒತ್ತಬಹುದು.